ಎಪಿಎಲ್ ಸಾಲನ್ನು ಬಿಡಿಸಿ ಓದುವುದು ಹೇಗೆ: ಆದ್ಯತೆ, ಬಂಧ ಮತ್ತು ಪಾರ್ಸಿಂಗ್

ಎಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 3×2+1 ಎಂದು ಬರೆದು ಎಂಟರ್ ಒತ್ತಿದರೆ 9 ಎಂಬ ಉತ್ತರ ಬರುತ್ತದೆ. ಶಾಲೆಯಲ್ಲಿ ಕಲಿತ ಬಾಡ್‌ಮಾಸ್ ನಿಯಮದಂತೆ ಅದು 7 ಆಗಬೇಕಿತ್ತು. ಈ ಒಂದು ವ್ಯತ್ಯಾಸವನ್ನು ಕಂಡೊಡನೆ ಅನೇಕರು "ಇಲ್ಲಿ ಎಲ್ಲವೂ ಬಲದಿಂದ ಎಡಕ್ಕೆ" ಎಂಬ ಒಂದು ಸಾಲಿನ ಸೂತ್ರವನ್ನು ಬರೆದುಕೊಂಡು ಮುಂದೆ ಹೋಗುತ್ತಾರೆ. ಆ ಸೂತ್ರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಕೂಡುವುದು, ಗುಣಿಸುವುದು ಮುಂತಾದ ಕ್ರಿಯೆಗಳ ನಡುವೆ ಮೇಲುಕೀಳಿಲ್ಲ ಎಂಬುದು ನಿಜವಾದರೂ, ಅವುಗಳಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುವ ಬೇರೆ ಬಂಧಗಳು ಭಾಷೆಯಲ್ಲಿವೆ. ಆ ಬಂಧಗಳಲ್ಲಿ ಕೆಲವು ಬಲದಿಂದ ಎಡಕ್ಕಲ್ಲ, ಎಡದಿಂದ ಬಲಕ್ಕೆ ಕೂಡಿಕೊಳ್ಳುತ್ತವೆ. ಒಂದು ಸಾಲನ್ನು ತಪ್ಪಿಲ್ಲದೆ ಓದಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಚಿಹ್ನೆಗೆ ಆದ್ಯತೆ ಹೆಚ್ಚು" ಎಂಬುದಲ್ಲ, "ಈ ಚಿಹ್ನೆ ಯಾವ ವರ್ಗಕ್ಕೆ ಸೇರಿದ್ದು" ಎಂಬುದು.

ಈ ಲೇಖನದ ಉದಾಹರಣೆಗಳೆಲ್ಲ ಎಪಿಎಲ್‌ನ ಒಂದು ರೂಪವಾದ ಡಯಾಲಾಗ್ ಎಪಿಎಲ್‌ಗೆ ಹೊಂದುವಂತಿವೆ. ಹೆಸರು ಬೇಕಾದಲ್ಲಿ ∆ ಮತ್ತು ⍙ ಎಂಬ ಎರಡು ಚಿಹ್ನೆಗಳನ್ನು ಬಳಸಿದ್ದೇನೆ. ಎಪಿಎಲ್‌ನಲ್ಲಿ ಇವು ಅಕ್ಷರಗಳಂತೆಯೇ ವೇರಿಯಬಲ್ ಹೆಸರಾಗಿ ನಡೆಯುತ್ತವೆ. ಎಣಿಕೆ 1ರಿಂದ ಆರಂಭವಾಗುತ್ತದೆ ಎಂದು ಇಟ್ಟುಕೊಳ್ಳೋಣ. ಅದೇ ಅಲ್ಲಿನ ರೂಢಿ.

ಮೊದಲ ಹೆಜ್ಜೆ: ಮೂರು ವರ್ಗಗಳನ್ನು ಬೇರ್ಪಡಿಸಿ

ಮೊದಲನೆಯದು ಮೌಲ್ಯ, ಅಂದರೆ ಅರೇ (ಸಾಲಾಗಿಯೋ ಕೋಷ್ಟಕವಾಗಿಯೋ ಜೋಡಿಸಿದ ಅಂಶಗಳು). 5 ಎಂಬ ಒಂಟಿ ಸಂಖ್ಯೆಯೂ ಅರೇ, 3 4 5 ಎಂಬ ಸಾಲೂ ಅರೇ, ಆವರಣದೊಳಗೆ ಲೆಕ್ಕ ಮುಗಿದು ಉಳಿದ ಫಲಿತಾಂಶವೂ ಅರೇ. ಎರಡನೆಯದು ಫಂಕ್ಷನ್. ಅದು ಮೌಲ್ಯಗಳನ್ನು ತೆಗೆದುಕೊಂಡು ಮೌಲ್ಯವನ್ನು ಕೊಡುತ್ತದೆ: + - × ÷ ⍴ ⍳ ⌽ ಎಲ್ಲವೂ ಫಂಕ್ಷನ್‌ಗಳೇ. ಮೂರನೆಯದು ಆಪರೇಟರ್. ಸಿ ಅಥವಾ ಪೈಥಾನ್‌ನಿಂದ ಬಂದವರು ಇಲ್ಲಿ ಎಚ್ಚರ ವಹಿಸಬೇಕು, ಏಕೆಂದರೆ ಅಲ್ಲಿ ಕೂಡುವ ಚಿಹ್ನೆಯನ್ನೇ ಆಪರೇಟರ್ ಎನ್ನುತ್ತಾರೆ. ಎಪಿಎಲ್‌ನಲ್ಲಿ ಆಪರೇಟರ್ ಎಂದರೆ ಸಾಮಾನ್ಯವಾಗಿ ಫಂಕ್ಷನ್ನನ್ನು ತೆಗೆದುಕೊಂಡು ಹೊಸದೊಂದು ಫಂಕ್ಷನ್ನನ್ನು ಕಟ್ಟಿಕೊಡುವ ವಸ್ತು. +/ ಎಂಬಲ್ಲಿ / ಆಪರೇಟರು, + ಅದರ ಆಪರ್ಯಾಂಡ್ (ಆಪರೇಟರು ಹಿಡಿದುಕೊಳ್ಳುವ ವಸ್ತು), ಎರಡೂ ಸೇರಿ "ಎಲ್ಲವನ್ನೂ ಕೂಡು" ಎಂಬ ಹೊಸ ಫಂಕ್ಷನ್. ಕೆಲವು ಆಪರೇಟರುಗಳು ಎಡಗಡೆಯ ಒಂದೇ ಆಪರ್ಯಾಂಡನ್ನು ಬೇಡುತ್ತವೆ (/ ¨ ⍨ ಮುಂತಾದವು), ಕೆಲವು ಎಡಕ್ಕೊಂದು ಬಲಕ್ಕೊಂದು ಎಂದು ಎರಡನ್ನು ಬೇಡುತ್ತವೆ (ಚುಕ್ಕೆ, ⍤, ∘ ಮುಂತಾದವು).

ಹೊಸ ಸಾಲೊಂದು ಎದುರಾದಾಗ ಲೆಕ್ಕಕ್ಕೆ ಇಳಿಯುವ ಮುನ್ನ ಪ್ರತಿ ಚಿಹ್ನೆಯ ಮೇಲೆ ಅದರ ವರ್ಗವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುವುದು ಆರಂಭದ ದಿನಗಳಲ್ಲಿ ಬಹಳ ಸಹಾಯಕ.

ಎರಡನೆಯ ಹೆಜ್ಜೆ: ಪಕ್ಕಪಕ್ಕದ ಮೌಲ್ಯಗಳನ್ನು ಒಂದಾಗಿಸಿ

ನಡುವೆ ಯಾವ ಫಂಕ್ಷನ್ನೂ ಇಲ್ಲದೆ ಅಕ್ಕಪಕ್ಕ ನಿಂತ ಮೌಲ್ಯಗಳು ಸೇರಿ ಒಂದೇ ಅರೇ ಆಗುತ್ತವೆ. ಈ ಬಂಧ ಯಾವ ಫಂಕ್ಷನ್ನಿಗಿಂತಲೂ ಗಟ್ಟಿ. ಆದ್ದರಿಂದ

1 2 3+10 20 30

ಎಂಬುದು 11 22 33 ಆಗುತ್ತದೆಯೇ ಹೊರತು 3+10 ಮೊದಲು ಸೇರುವುದಿಲ್ಲ. ಚೌಕಾವರಣದ ಇಂಡೆಕ್ಸ್ ಇದಕ್ಕಿಂತಲೂ ಬಿಗಿ: ∆ ⍙[2] ಎಂದು ಬರೆದರೆ ಎರಡನೆಯ ಅಂಶವನ್ನು ತೆಗೆಯುವುದು ⍙ನಿಂದ ಮಾತ್ರ, ಆಮೇಲೆ ಅದು ∆ ಜೊತೆ ಜೋಡಿಯಾಗುತ್ತದೆ. ಜೋಡಿಯಿಂದಲೇ ತೆಗೆಯಬೇಕಾದರೆ (∆ ⍙)[2] ಎಂದು ಆವರಣ ಹಾಕಬೇಕು.

ಮೂರನೆಯ ಹೆಜ್ಜೆ: ಆಪರೇಟರುಗಳನ್ನು ಅವುಗಳ ಆಪರ್ಯಾಂಡ್‌ಗಳಿಗೆ ಕಟ್ಟಿ

ಫಂಕ್ಷನ್‌ಗಳು ತಮ್ಮ ಮೌಲ್ಯಗಳ ಮೇಲೆ ಕೆಲಸ ಮಾಡುವ ಮೊದಲೇ ಆಪರೇಟರುಗಳು ತಮಗೆ ಬೇಕಾದುದನ್ನು ಹಿಡಿದುಕೊಂಡಿರುತ್ತವೆ. ಇಲ್ಲಿಯೇ "ಎಲ್ಲವೂ ಬಲದಿಂದ ಎಡಕ್ಕೆ" ಎಂಬ ಸೂತ್ರ ಮುರಿಯುವುದು. ಆಪರೇಟರು ತನ್ನ ಎಡಕ್ಕೆ ಉದ್ದವಾಗಿಯೂ ಬಲಕ್ಕೆ ಗಿಡ್ಡವಾಗಿಯೂ ಕೈ ಚಾಚುತ್ತದೆ: ಎಡಗಡೆ ಅಲ್ಲಿಯವರೆಗೆ ಕಟ್ಟಿಕೊಂಡು ಬಂದ ಇಡೀ ಫಂಕ್ಷನ್ ಅದರ ಆಪರ್ಯಾಂಡ್, ಬಲಗಡೆ ತೆಗೆದುಕೊಳ್ಳುವುದಾದರೆ ಒಂದೇ ಒಂದು ಅಂಶ. ಫಂಕ್ಷನ್‌ಗಳದ್ದು ಇದಕ್ಕೆ ನೇರ ತಿರುಗುಮುರುಗು. ಅದನ್ನು ಮುಂದಿನ ಹೆಜ್ಜೆಯಲ್ಲಿ ನೋಡೋಣ.

+/¨(1 2)(3 4 5)

ಇಲ್ಲಿ / ಮೊದಲು + ಅನ್ನು ಹಿಡಿಯುತ್ತದೆ. ಆಮೇಲೆ ¨ ಎಂಬುದು / ಒಂದನ್ನೇ ಅಲ್ಲ, +/ ಎಂಬ ಪೂರ್ತಿ ಫಂಕ್ಷನ್ನನ್ನು ಹಿಡಿದು, ಒಳಗಿನ ಪ್ರತಿ ಅರೇಗೂ ಅದನ್ನು ಅನ್ವಯಿಸುತ್ತದೆ. ಉತ್ತರ 3 12. ಹಾಗೆಯೇ ∘.×⍨⍳3 ಎಂಬುದರಲ್ಲಿ ∘.× ಮೊದಲು ಒಂದಾಗಿ "ಎಡದ ಪ್ರತಿಯೊಂದನ್ನೂ ಬಲದ ಪ್ರತಿಯೊಂದರಿಂದ ಗುಣಿಸು" ಎಂಬ ಫಂಕ್ಷನ್ ಆಗಿ, ⍨ ಆ ಒಂದಾದುದನ್ನು ಹಿಡಿದು, ⍳3 ಕೊಡುವ 1 2 3 ಎಂಬ ಒಂದೇ ಮೌಲ್ಯವನ್ನು ಎರಡೂ ಬದಿಗೆ ಒದಗಿಸುತ್ತದೆ. ಬರುವುದು ಮೂರರವರೆಗಿನ ಮಗ್ಗಿಯ ಕೋಷ್ಟಕ.

ಎಡದಿಂದ ಕಟ್ಟಿಕೊಳ್ಳುವ ಈ ಸ್ವಭಾವವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಪರೀಕ್ಷೆಯಿದೆ. ⍤ ಎಂಬುದು ಎರಡು ಫಂಕ್ಷನ್‌ಗಳನ್ನು ಒಂದರ ಮೇಲೊಂದು ಕೂರಿಸುತ್ತದೆ. -⍤+ ಎಂದರೆ "ಕೂಡಿ, ಬಂದದ್ದರ ಚಿಹ್ನೆ ಬದಲಿಸು". ಈಗ ಈ ಎರಡು ಸಾಲುಗಳನ್ನು ನೋಡಿ:

-⍤+/1 2 3
-⍤(+/)1 2 3

ಕಣ್ಣಿಗೆ ಎರಡೂ ಒಂದೇ ಎನಿಸುತ್ತವೆ. ಎರಡನೆಯದು ಮೊದಲು ಮೊತ್ತ 6ನ್ನು ಕಂಡುಹಿಡಿದು ¯6, ಅಂದರೆ ಋಣ 6, ಕೊಡುತ್ತದೆ. ಮೊದಲನೆಯದರಲ್ಲಿ / ಹಿಡಿಯುವುದು -⍤+ ಎಂಬ ಇಡೀ ಗುಂಪನ್ನು; ಹಾಗಾಗಿ 2 ಮತ್ತು 3 ಸೇರಿ ¯5, ಅದಕ್ಕೆ 1 ಸೇರಿ ¯4, ಚಿಹ್ನೆ ಬದಲಾಗಿ 4. ದೋಷಸಂದೇಶವಿಲ್ಲ, ಎಚ್ಚರಿಕೆಯಿಲ್ಲ, ಕೇವಲ ಬೇರೆಯೇ ಉತ್ತರ.

ನಾಲ್ಕನೆಯ ಹೆಜ್ಜೆ: ಫಂಕ್ಷನ್‌ಗಳನ್ನು ಬಲದಿಂದ ಎಡಕ್ಕೆ ನಡೆಸಿ

ಮೌಲ್ಯಗಳೂ ಆಪರೇಟರುಗಳೂ ತಮ್ಮ ತಮ್ಮ ಗುಂಪು ಸೇರಿಕೊಂಡ ಬಳಿಕ ಉಳಿಯುವುದು ಫಂಕ್ಷನ್‌ಗಳು. ಅವುಗಳಲ್ಲಿ ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ. ಫಂಕ್ಷನ್ ತೆಗೆದುಕೊಳ್ಳುವ ಮೌಲ್ಯವನ್ನು ಆರ್ಗ್ಯುಮೆಂಟ್ ಎನ್ನುತ್ತಾರೆ. ಪ್ರತಿ ಫಂಕ್ಷನ್ನಿನ ಬಲ ಆರ್ಗ್ಯುಮೆಂಟ್ ಎಂದರೆ ಅದರ ಬಲಕ್ಕಿರುವ ಸಂಪೂರ್ಣ ಭಾಗದ ಫಲಿತಾಂಶ. ಎಡ ಆರ್ಗ್ಯುಮೆಂಟ್ ಎಂದರೆ ಎಡಕ್ಕೆ ತಾಗಿಕೊಂಡಿರುವ ಒಂದೇ ಮೌಲ್ಯ. ಆವರಣವಿದ್ದರೆ ಅದು ಮುಗಿಯುವವರೆಗೆ ಮಾತ್ರ ಈ ಹಕ್ಕು ನಡೆಯುತ್ತದೆ.

10-5-2 ಎಂದರೆ 10-(5-2), ಅಂದರೆ 7. 12÷6÷2 ಎಂದರೆ 12÷3, ಅಂದರೆ 4. ಘಾತಕ್ಕೆ ಎಪಿಎಲ್‌ನಲ್ಲಿ * ಬಳಸುತ್ತಾರೆ. 2*3*2 ಎಂದರೆ 2*9, ಅಂದರೆ 512. ಈ ಕೊನೆಯದರಲ್ಲಿ ಗಣಿತದ ರೂಢಿಯೂ ಇದೇ ಎಂಬುದನ್ನು ಗಮನಿಸಬೇಕು. ಘಾತದ ಮೇಲೆ ಘಾತವನ್ನು ನಾವು ಕಾಗದದ ಮೇಲೂ ಮೇಲಿನಿಂದ ಕೆಳಕ್ಕೇ ಬಿಡಿಸುತ್ತೇವೆ.

ಇಂಥ ನಿಯಮ ಏಕೆ ಎಂಬ ಪ್ರಶ್ನೆಗೆ ಉತ್ತರವು ಭಾಷೆಯ ಹುಟ್ಟಿನಲ್ಲೇ ಇದೆ. ಕೆನೆಡಾದಲ್ಲಿ ಹುಟ್ಟಿದ ಗಣಿತಜ್ಞ ಕೆನೆತ್ ಐವರ್ಸನ್ ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದಾಗ ಅಲ್ಗಾರಿದಮ್‌ಗಳನ್ನು ವಿವರಿಸಲು ಒಂದು ಸಂಕೇತಪದ್ಧತಿಯನ್ನು ರೂಪಿಸಿದರು. 1962ರ ಅವರ "ಎ ಪ್ರೋಗ್ರಾಮಿಂಗ್ ಲಾಂಗ್ವೇಜ್" ಪುಸ್ತಕದ ಹೆಸರಿನಿಂದಲೇ ಭಾಷೆಗೆ ಎಪಿಎಲ್ ಎಂಬ ಹೆಸರು ಬಂತು, 1966ರಲ್ಲಿ ಐಬಿಎಂನ 360 ಸರಣಿಯ ಯಂತ್ರದಲ್ಲಿ ಅದು ನಡೆಯುವ ವ್ಯವಸ್ಥೆಯಾಯಿತು, 1979ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಕೂಡು, ಕಳೆ, ಗುಣಿಸು, ಭಾಗಿಸು ಎಂಬ ನಾಲ್ಕಕ್ಕೆ ಆದ್ಯತೆಯ ಪಟ್ಟಿ ಮಾಡುವುದು ಸುಲಭ. ಆದರೆ ತಿರುಗಿಸು, ಆಕಾರ ಕೊಡು, ಶೇಷ ತೆಗೆ, ದೊಡ್ಡದನ್ನು ಆರಿಸು ಎಂಬಂಥ ಹತ್ತಾರು ಫಂಕ್ಷನ್‌ಗಳೂ, ಬಳಕೆದಾರ ತಾನೇ ಬರೆದ ಫಂಕ್ಷನ್‌ಗಳೂ ಒಂದೇ ಸಾಲಿನಲ್ಲಿ ಬರುವಾಗ ಯಾವುದನ್ನು ಯಾವುದರ ಮೇಲೆ ಕೂರಿಸಬೇಕು? ಕೆಲವೇ ಚಿಹ್ನೆಗಳಿರುವ ಸಿ ಭಾಷೆಯಲ್ಲೇ ಆದ್ಯತೆಯ ಪಟ್ಟಿ 15 ಮಟ್ಟಗಳಿಗೆ ಹೋಗಿದ್ದು, ನುರಿತವರೂ ಅನುಮಾನ ಬಂದಾಗ ಆವರಣ ಹಾಕಿ ಪಾರಾಗುತ್ತಾರೆ. ಎಲ್ಲಕ್ಕೂ ಒಂದೇ ನಿಯಮ ಎಂಬುದು ಇಲ್ಲಿ ಸೋಮಾರಿತನವಲ್ಲ, ಅನಿವಾರ್ಯತೆ.

ಒಂದೇ ನಿಯಮ ಸರಿ, ಆದರೆ ಎಡದಿಂದ ಬಲಕ್ಕೆ ಏಕಾಗಬಾರದು? ಇದಕ್ಕೆ ಎರಡು ಗಟ್ಟಿ ಸಮರ್ಥನೆಗಳಿವೆ. ಒಂದು, ಒಂದೇ ಆರ್ಗ್ಯುಮೆಂಟ್ ಇರುವ ಫಂಕ್ಷನ್‌ಗಳನ್ನು ಆ ಆರ್ಗ್ಯುಮೆಂಟಿನ ಎಡಕ್ಕೇ ಬರೆಯುವ ರೂಢಿ ಗಣಿತದಲ್ಲಿ ಮೊದಲಿನಿಂದಲೂ ಇದೆ. ಸೈನ್, ಲಾಗ್ ಇತ್ಯಾದಿಗಳನ್ನು ಸಾಲಾಗಿ ಬರೆದಾಗ ಬಲತುದಿಯದೇ ಮೊದಲು ಲೆಕ್ಕವಾಗುವುದು. ಇನ್ನೊಂದು ಸಮರ್ಥನೆ / ಆಪರೇಟರಿನಿಂದ ಬರುತ್ತದೆ. -/10 4 3 2 ಎಂದರೆ ಅಂಶಗಳ ನಡುವೆ ಕಳೆಯುವ ಚಿಹ್ನೆ ತುಂಬಿಸಿದಂತೆ: 10-4-3-2. ಬಲದಿಂದ ಬಿಡಿಸಿದರೆ 10-(4-(3-2)), ಅಂದರೆ 7. ಇದು 10 ಕಳೆ 4 ಕೂಡು 3 ಕಳೆ 2 ಎಂಬ ಪರ್ಯಾಯ ಮೊತ್ತವೇ ಆಗಿದ್ದು, ಗಣಿತದಲ್ಲಿ ಪದೇ ಪದೇ ಬೇಕಾಗುತ್ತದೆ. ಎಡದಿಂದ ಬಿಡಿಸಿದ್ದರೆ ಬರುತ್ತಿದ್ದುದು 1. ಅದನ್ನು 10-+/4 3 2 ಎಂದು ಹೇಗೂ ಬರೆಯಬಹುದು, ಹಾಗಾಗಿ ಹೊಸದೇನೂ ಸಿಕ್ಕಂತಾಗುವುದಿಲ್ಲ. ಬಹುಪದಿಗಳಿಗೂ ಇದೇ ಲಾಭ: 1+∆×2+∆×3 ಎಂಬ ಆವರಣವಿಲ್ಲದ ಸಾಲು, ಘಾತಗಳನ್ನು ಬೇರೆ ಲೆಕ್ಕ ಹಾಕದೆ ಗುಣಿಸುತ್ತ ಕೂಡುತ್ತ ಬಹುಪದಿಯ ಬೆಲೆ ಕಾಣುವ ಹಾರ್ನರ್ ವಿಧಾನವೇ ಆಗಿದೆ. ∆ ಬೆಲೆ 2 ಆದರೆ ಒಳಗಿನಿಂದ 6, 8, 16 ಎಂದು ಬೆಳೆದು 17ಕ್ಕೆ ನಿಲ್ಲುತ್ತದೆ.

ಐದನೆಯ ಹೆಜ್ಜೆ: ಎಡಕ್ಕೆ ಒಮ್ಮೆ ಇಣುಕಿ

ಎಪಿಎಲ್‌ನ ಹೆಚ್ಚಿನ ಚಿಹ್ನೆಗಳಿಗೆ ಎರಡು ಅರ್ಥಗಳಿವೆ. ಎಡಕ್ಕೆ ಮೌಲ್ಯವಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. 5-3 ಎಂದರೆ ಕಳೆ. -3 ಎಂದರೆ ಚಿಹ್ನೆ ಬದಲಿಸು. 2 3⍴⍳6 ಎಂದರೆ ಎರಡು ಸಾಲು ಮೂರು ಕಂಬದ ಆಕಾರ ಕೊಡು. ⍴⍳6 ಎಂದರೆ ಇರುವ ಆಕಾರವನ್ನು ಹೇಳು. ಆದ್ದರಿಂದ ಬಲದಿಂದ ಬರುತ್ತಾ ಒಂದು ಫಂಕ್ಷನ್ ಸಿಕ್ಕೊಡನೆ ಅದನ್ನು ಅನ್ವಯಿಸಿಬಿಡಬಾರದು. ಅದರ ಎಡಕ್ಕಿರುವುದು ಮೌಲ್ಯವೋ, ಇನ್ನೊಂದು ಫಂಕ್ಷನ್ನೋ, ಆಪರೇಟರೋ, ಸಾಲಿನ ಅಂಚೋ ಎಂದು ನೋಡಿಯೇ ನಿರ್ಧರಿಸಬೇಕು.

ಋಣ ಸಂಖ್ಯೆಗಳಲ್ಲಿ ಈ ಎಚ್ಚರ ಮುಖ್ಯ. ಸಂಖ್ಯೆಯ ಭಾಗವಾದ ಋಣಚಿಹ್ನೆಗೆ ಎಪಿಎಲ್ ಬೇರೆಯೇ ಗುರುತನ್ನು, ಮೇಲೆತ್ತಿದ ಗೆರೆಯನ್ನು, ಇಟ್ಟಿದೆ. ¯3*2 ಎಂದರೆ 9, ಏಕೆಂದರೆ ¯3 ಒಂದೇ ಸಂಖ್ಯೆ. -3*2 ಎಂದರೆ ¯9, ಏಕೆಂದರೆ ಮೊದಲು ವರ್ಗ, ಆಮೇಲೆ ಚಿಹ್ನೆ ಬದಲಾವಣೆ. ಇನ್ನೂ ಹೆಚ್ಚು ಕಾಡುವುದು -2+3. ಇದು 1 ಅಲ್ಲ, ¯5.

ಹೋಲಿಕೆಗಳದ್ದೂ ಇದೇ ಕಥೆ. ಸರಿಯಿದ್ದರೆ 1, ತಪ್ಪಿದ್ದರೆ 0 ಎಂಬ ಸಂಖ್ಯೆಯನ್ನೇ ಕೊಡುವುದರಿಂದ ಅವೂ ಸಾಮಾನ್ಯ ಫಂಕ್ಷನ್‌ಗಳೇ. 2+2=4 ಎಂಬಲ್ಲಿ 2=4 ಮೊದಲು 0 ಆಗಿ, ಅಂತಿಮ ಉತ್ತರ 2. 4=2+2 ಎಂದು ತಿರುಗಿಸಿ ಬರೆದರೆ 1. 3=3=3 ಎಂಬುದು 0 ಏಕೆ ಎಂಬುದನ್ನು ಓದುಗರೇ ಬಿಡಿಸಿಕೊಳ್ಳಬಹುದು.

ಒಂದು ಸಾಲನ್ನು ಪೂರ್ತಿ ಬಿಡಿಸೋಣ

(0=2|⍳10)/⍳10

ಬಲತುದಿಯ ⍳10 ಎಂದರೆ 1ರಿಂದ 10ರವರೆಗಿನ ಸಂಖ್ಯೆಗಳು. ಅದರ ಎಡಕ್ಕೆ / ಇದೆ. ಅದರ ಎಡಕ್ಕಿರುವುದು ಫಂಕ್ಷನ್ ಆಗಿದ್ದರೆ ಇದು +/ನಲ್ಲಿ ಕಂಡ ಮಡಚುವ ಆಪರೇಟರ್. ಮೌಲ್ಯವಾಗಿದ್ದರೆ ಆಯ್ಕೆ ಮಾಡುವ ಫಂಕ್ಷನ್ನಿನಂತೆ ವರ್ತಿಸುತ್ತದೆ. ಎಪಿಎಲ್‌ನ ಅತಿ ಹಳೆಯ ಗೊಂದಲಗಳಲ್ಲಿ ಇದೂ ಒಂದು. ಇಲ್ಲಿ ಎಡಕ್ಕೆ ಆವರಣವಿದೆ, ಆದ್ದರಿಂದ ಅದರೊಳಗಿನದನ್ನು ಮೊದಲು ಬಿಡಿಸಬೇಕು: ⍳10, ಅದನ್ನು 2ರಿಂದ ಭಾಗಿಸಿದ ಶೇಷ, ಆ ಶೇಷ 0ಗೆ ಸಮವೇ ಎಂಬ ಹೋಲಿಕೆ. ಬರುವುದು 0 1 0 1 ಎಂಬಂತೆ ಹತ್ತು ಅಂಕಿಗಳ ಮೌಲ್ಯ. ಆವರಣದ ಫಲ ಮೌಲ್ಯವಾದ್ದರಿಂದ / ಈಗ ಆಯ್ಕೆಯ ಕೆಲಸ ಮಾಡಿ 2 4 6 8 10 ಉಳಿಸುತ್ತದೆ.

ಬಿಡಿಸುವಾಗ ಮಧ್ಯದ ಹಂತಗಳನ್ನು ಕಣ್ಣಾರೆ ನೋಡಬೇಕೆನಿಸಿದರೆ ಬೇಕಾದ ಜಾಗದಲ್ಲಿ ⎕← ತುರುಕಿದರೆ ಸಾಕು. +/⎕←2×3 4 ಎಂಬುದು ಮೊದಲು 6 8 ಎಂದು ಮುದ್ರಿಸಿ ಆಮೇಲೆ 14 ಕೊಡುತ್ತದೆ. ಲೆಕ್ಕ ಬಲದಿಂದ ಸಾಗುವುದರಿಂದ ⎕← ಇಟ್ಟ ಜಾಗದ ಬಲಕ್ಕಿರುವುದೆಲ್ಲ ಒಂದು ಮುಗಿದ ಮೌಲ್ಯವಾಗಿರುತ್ತದೆ. ಸಾಲನ್ನು ಒಡೆಯದೆ ಹೀಗೆ ಇಣುಕುವ ಅನುಕೂಲ ಆದ್ಯತೆಯ ಪಟ್ಟಿಯಿರುವ ಭಾಷೆಗಳಲ್ಲಿ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಸದ್ದಿಲ್ಲದೆ ತಪ್ಪುವ ಮೂರು ಜಾಗಗಳು

ಮೊದಲನೆಯದು ಸರಾಸರಿ. 3 4 5 8ರ ಸರಾಸರಿಯನ್ನು (+/3 4 5 8)÷≢3 4 5 8 ಎಂದು ಬರೆಯಬೇಕು. ≢ ಅಂಶಗಳನ್ನು ಎಣಿಸುತ್ತದೆ. ಆವರಣ ಮರೆತು +/3 4 5 8÷≢3 4 5 8 ಎಂದು ಬರೆದರೂ ಉತ್ತರ 5 ಎಂದೇ ಬರುತ್ತದೆ! ಪ್ರತಿಯೊಂದನ್ನೂ ನಾಲ್ಕರಿಂದ ಭಾಗಿಸಿ ಕೂಡಿದರೂ, ಕೂಡಿ ಭಾಗಿಸಿದರೂ ಒಂದೇ ಆಗುವುದರಿಂದ ಪರೀಕ್ಷೆಯಲ್ಲಿ ದೋಷ ಸಿಕ್ಕಿಬೀಳುವುದಿಲ್ಲ. ನಾಳೆ ಅದೇ ಸಾಲಿನಲ್ಲಿ +/ ಬದಲು ×/ ಹಾಕಿದಾಗ ಲೆಕ್ಕ ಕೆಡುತ್ತದೆ, ಆಗ ಕಾರಣ ಹುಡುಕುವುದು ಕಷ್ಟ.

ಎರಡನೆಯದು ಮಗ್ಗಿಯ ಕೋಷ್ಟಕ. (⍳3)∘.×⍳3 ಎಂಬುದರಲ್ಲಿ ಎಡ ಆವರಣ ಬಿಟ್ಟು ⍳3∘.×⍳3 ಎಂದರೆ ∘.× ತನ್ನ ಎಡಕ್ಕೆ ತಾಗಿದ 3ನ್ನಷ್ಟೇ ಹಿಡಿದು 3 6 9 ಕೊಡುತ್ತದೆ. ಆಮೇಲೆ ಎಡತುದಿಯ ⍳ ಆ ಮೂರನ್ನೂ ಆಕಾರವೆಂದು ತಿಳಿದು 162 ಸ್ಥಾನಸೂಚಿಗಳನ್ನು ಪರದೆಯ ತುಂಬ ಸುರಿಯುತ್ತದೆ. ಇದು ಕನಿಷ್ಠ ಗದ್ದಲವನ್ನಾದರೂ ಮಾಡುತ್ತದೆ.

ಮೂರನೆಯದೇ ಅತಿ ಕಪಟಿ. ⍤ ಆಪರೇಟರಿನ ಬಲಕ್ಕೆ ಫಂಕ್ಷನ್ ಬದಲು ಸಂಖ್ಯೆಯಿಟ್ಟರೆ ಅದು ರ‍್ಯಾಂಕ್ ಎನಿಸಿಕೊಳ್ಳುತ್ತದೆ, ಅಂದರೆ ಎಷ್ಟು ಆಯಾಮದ ತುಂಡುಗಳ ಮೇಲೆ ಕೆಲಸ ಮಾಡಬೇಕೆಂಬ ಸೂಚನೆ. ಕೋಷ್ಟಕದ ಪ್ರತಿ ಸಾಲನ್ನು ಕೂಡಲು ಹೊರಟವರು ಹೀಗೆ ಬರೆಯುತ್ತಾರೆ:

+/⍤1 2 3⍴⍳6

ಎರಡನೆಯ ಹೆಜ್ಜೆಯನ್ನು ನೆನಪಿಸಿಕೊಳ್ಳಿ: 1 2 3 ಒಂದೇ ಅರೇ. ಹಾಗಾಗಿ ಇಡೀ 1 2 3 ಎಂಬುದು ⍤ನ ಆಪರ್ಯಾಂಡ್ ಆಗುತ್ತದೆ, ಎಡಕ್ಕೆ ಮೌಲ್ಯ ಉಳಿಯದ ⍴ "ಆಕಾರ ಹೇಳು" ಎಂಬ ಅರ್ಥಕ್ಕೆ ಜಾರುತ್ತದೆ, ⍴⍳6 ಎಂಬುದು 6 ಆಗುತ್ತದೆ, ಅದೊಂದನ್ನೇ ಕೂಡಿ ಎಪಿಎಲ್ 6 ಎನ್ನುತ್ತದೆ. ⍤ಗೆ ಮೂರು ಸಂಖ್ಯೆಗಳ ಆಪರ್ಯಾಂಡ್ ಕೊಡುವುದು ಕಾನೂನುಬದ್ಧವೇ ಆದ್ದರಿಂದ ದೂರು ಬರುವುದಿಲ್ಲ. ಪರಿಹಾರವೆಂದರೆ ನಡುವೆ ಏನೂ ಮಾಡದೆ ಬಲದ ಮೌಲ್ಯವನ್ನು ಹಾಗೇ ದಾಟಿಸುವ ⊢ ಎಂಬ ಫಂಕ್ಷನ್ ಇಡುವುದು: +/⍤1⊢2 3⍴⍳6 ಎಂದರೆ 6 15. ಎಪಿಎಲ್ ಕೋಡ್‌ನಲ್ಲಿ ಅಲ್ಲಲ್ಲಿ ಕಾರಣವಿಲ್ಲದೆ ನಿಂತಂತೆ ಕಾಣುವ ⊢ ಗಳು ಹೆಚ್ಚಾಗಿ ಇಂಥ ಬೇಲಿಗಳು.

ಬರೆಯುವವರಿಗೊಂದು ಸಲಹೆ: ಉದ್ದದ ಭಾಗವನ್ನು ಬಲಕ್ಕಿಡಿ. (2+3)×4 ಬದಲು 4×2+3 ಎನ್ನಬಹುದು. ಭಾಗಾಕಾರದಂತೆ ಅದಲುಬದಲು ಮಾಡಲಾಗದ ಫಂಕ್ಷನ್ ಇದ್ದರೆ ⍨ ಇದೆ, ಅದು ಎರಡು ಬದಿಯನ್ನೂ ತಿರುಗಿಸುತ್ತದೆ: (10+5)÷3 ಬದಲು 3÷⍨10+5. ಆದರೂ ಆವರಣವನ್ನು ತಪ್ಪಿಸಲೆಂದೇ ⍨ಗಳನ್ನು ಸುರಿಯುವ ಶೈಲಿ ನನಗೆ ಒಪ್ಪಿಗೆಯಿಲ್ಲ. ಓದುವವರಿಗೆ ಒಂದು ಜೊತೆ ಆವರಣ ಎಂದೂ ಹೊರೆಯಲ್ಲ.

ಮೌಲ್ಯವೇ ಇಲ್ಲದ ಸಾಲು

2014ರಲ್ಲಿ ಡಯಾಲಾಗ್‌ನ 14.0 ಆವೃತ್ತಿಗೆ ಟ್ರೇನ್ ಎಂಬ ರಚನೆ ಬಂತು. ಐವರ್ಸನ್ ಮತ್ತು ರೋಜರ್ ಹುಯಿ 1990ರ ಸುಮಾರಿಗೆ ಕಟ್ಟಿದ ಜೆ ಭಾಷೆಯಲ್ಲಿ ಅದು ಮೊದಲೇ ಇತ್ತು. ಆವರಣದೊಳಗೆ ಬರೀ ಫಂಕ್ಷನ್‌ಗಳೇ ಸಾಲಾಗಿದ್ದು ಬಲತುದಿಯಲ್ಲಿ ಮೌಲ್ಯವಿಲ್ಲದಿದ್ದರೆ ಅವು ಲೆಕ್ಕವಾಗದೆ, ತಾವೇ ಸೇರಿ ಹೊಸ ಫಂಕ್ಷನ್ ಆಗುತ್ತವೆ. (+/÷≢)3 4 5 8 ಎಂಬಲ್ಲಿ ಆಪರೇಟರು ಕಟ್ಟಿಕೊಂಡ ಬಳಿಕ ಉಳಿಯುವುದು +/ ಮತ್ತು ÷ ಮತ್ತು ≢ ಎಂಬ ಮೂರು. ಮೂರಿದ್ದರೆ ಎರಡು ತುದಿಯವು ಒಂದೇ ಮೌಲ್ಯದ ಮೇಲೆ ಬೇರೆಬೇರೆಯಾಗಿ ಕೆಲಸ ಮಾಡಿ, ನಡುವಿನದು ಅವುಗಳ ಫಲಗಳನ್ನು ಜೋಡಿಸುತ್ತದೆ. 20÷4, ಅಂದರೆ 5. ಅದೇ ಆವರಣವನ್ನು ತೆಗೆದರೆ ≢ 4 ಕೊಟ್ಟು, ÷4 ಎಂದರೆ 0.25, +/ ಅದನ್ನು ಹಾಗೇ ಬಿಟ್ಟು ಉತ್ತರ 0.25. ಮೂರಕ್ಕಿಂತ ಹೆಚ್ಚಿದ್ದರೆ ಬಲತುದಿಯ ಮೂರು ಮೊದಲು ಒಂದಾಗಿ, ಆ ಒಂದು ಮುಂದಿನ ಎರಡರೊಡನೆ ಸೇರಿ ಮತ್ತೆ ಮೂರಾಗುತ್ತದೆ. ಕೊನೆಗೆ ಎರಡೇ ಉಳಿದರೆ ಬಲದ್ದರ ಫಲದ ಮೇಲೆ ಎಡದ್ದು ನಡೆಯುತ್ತದೆ.

ಪಾರ್ಸರನ್ನು ನೀವೇ ಬರೆಯುವುದಾದರೆ

ಬರೆದ ಸಾಲನ್ನು ಬಿಡಿಸಿ ಯಾವುದು ಯಾವುದಕ್ಕೆ ಸೇರಿದ್ದೆಂದು ಗುರುತಿಸುವ ಪ್ರೋಗ್ರಾಮೇ ಪಾರ್ಸರ್. ಸಾಮಾನ್ಯ ಆದ್ಯತೆಯಿರುವ ಭಾಷೆಗಳಿಗೆ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1961ರಲ್ಲಿ ವಿವರಿಸಿದ ಶಂಟಿಂಗ್ ಯಾರ್ಡ್ ವಿಧಾನ ಪ್ರಸಿದ್ಧ. ಅದಕ್ಕೆ ಪ್ರತಿ ಚಿಹ್ನೆಯ ಆದ್ಯತಾ ಸಂಖ್ಯೆ ಬೇಕು. ಅರೇ ಭಾಷೆಗೆ ಅಂಥ ಪಟ್ಟಿ ಬೇಕಿಲ್ಲ. ಜೆ ಭಾಷೆಯ ಅಧಿಕೃತ ವಿವರಣೆಯಲ್ಲಿ ಇಡೀ ಪಾರ್ಸಿಂಗ್ ಒಂಬತ್ತು ಸಾಲಿನ ಒಂದು ಕೋಷ್ಟಕದಲ್ಲಿ ಮುಗಿಯುತ್ತದೆ, ಅದರ ತತ್ವ ಎಪಿಎಲ್‌ಗೂ ಸಲ್ಲುತ್ತದೆ. ಸಾಲನ್ನು ಟೋಕನ್‌ಗಳಾಗಿ, ಅಂದರೆ ಬಿಡಿ ಚಿಹ್ನೆ, ಸಂಖ್ಯೆ, ಹೆಸರುಗಳಾಗಿ ಒಡೆದು, ಅಕ್ಕಪಕ್ಕದ ಸಂಖ್ಯೆಗಳನ್ನು ಒಂದೇ ಟೋಕನ್ ಮಾಡಿ, ಎಡತುದಿಗೆ ಅಂಚಿನ ಗುರುತೊಂದನ್ನು ಹಾಕಿ. ಬಲತುದಿಯಿಂದ ಒಂದೊಂದೇ ಟೋಕನ್ನನ್ನು ಸ್ಟ್ಯಾಕಿಗೆ (ಒಂದರ ಮೇಲೊಂದು ಪೇರಿಸುವ ರಾಶಿಗೆ) ಏರಿಸಿ. ಪ್ರತಿ ಸಲ ಸ್ಟ್ಯಾಕಿನ ಮೇಲಿನ ನಾಲ್ಕನ್ನು ಮಾತ್ರ ನೋಡಿ, ಈ ಮಾದರಿಗಳಲ್ಲಿ ಯಾವುದಾದರೂ ಹೊಂದಿದರೆ ಅದನ್ನು ಸಂಕ್ಷೇಪಿಸಿ, ಹೊಂದದಿದ್ದರೆ ಮುಂದಿನ ಟೋಕನ್ ಏರಿಸಿ:

ಅಂಚು, ಫಂಕ್ಷನ್, ಮೌಲ್ಯ ಎಂದಿದ್ದರೆ ಫಂಕ್ಷನ್ನನ್ನು ಒಂದೇ ಆರ್ಗ್ಯುಮೆಂಟಿನೊಡನೆ ನಡೆಸಿ.
ಎರಡು ಫಂಕ್ಷನ್, ಆಮೇಲೆ ಮೌಲ್ಯ ಎಂದಿದ್ದರೆ ಬಲದ ಫಂಕ್ಷನ್ನನ್ನು ಹಾಗೆಯೇ ನಡೆಸಿ.
ಮೌಲ್ಯ, ಫಂಕ್ಷನ್, ಮೌಲ್ಯ ಎಂದಿದ್ದರೆ ಎರಡು ಆರ್ಗ್ಯುಮೆಂಟಿನೊಡನೆ ನಡೆಸಿ.
ಫಂಕ್ಷನ್, ಒಂಟಿ ಆಪರೇಟರ್ (ಒಂದೇ ಆಪರ್ಯಾಂಡ್ ಬೇಡುವಂಥದು) ಎಂದಿದ್ದರೆ ಎರಡನ್ನೂ ಸೇರಿಸಿ ಒಂದು ಫಂಕ್ಷನ್ ಮಾಡಿ.
ಜೋಡಿ ಆಪರೇಟರಿನ (ಎರಡನ್ನು ಬೇಡುವುದರ) ಎರಡೂ ಬದಿಗೆ ಆಪರ್ಯಾಂಡ್ ಇದ್ದರೆ ಮೂರನ್ನೂ ಸೇರಿಸಿ ಒಂದು ಫಂಕ್ಷನ್ ಮಾಡಿ.

ಮೊದಲನೆಯದನ್ನು ಬಿಟ್ಟು ಉಳಿದ ಪ್ರತಿ ಮಾದರಿಗೂ ಒಂದು ಷರತ್ತಿದೆ: ಅದರ ಎಡಕ್ಕೆ ಇನ್ನೂ ಒಂದು ಟೋಕನ್ ಕಾಣಿಸಬೇಕು, ಮತ್ತು ಅದು ಜೋಡಿ ಆಪರೇಟರ್ ಆಗಿರಬಾರದು. ಮೇಲೆ ನೋಡಿದ ರ‍್ಯಾಂಕಿನ ಉದಾಹರಣೆಯಂತೆ, ನಮ್ಮದೆಂದುಕೊಂಡ ಮೌಲ್ಯ ⍤ನ ಆಪರ್ಯಾಂಡ್ ಆಗಿರಬಹುದಲ್ಲವೇ? ಆ ಒಂದು ಟೋಕನ್ನಿನ ಕಾಯುವಿಕೆಯೇ ಆಪರೇಟರುಗಳಿಗೆ ಹೆಚ್ಚಿನ ಬಂಧಬಲವನ್ನೂ, ಎಡದಿಂದ ಕಟ್ಟಿಕೊಳ್ಳುವ ಸ್ವಭಾವವನ್ನೂ ಕೊಡುವುದು. ಬೇರೆ ಪಟ್ಟಿಯೇ ಬೇಡ. ಆವರಣ, ಟ್ರೇನ್ ಮತ್ತು ಹೆಸರಿಗೆ ಮೌಲ್ಯ ಕಟ್ಟುವ ← ಗಳಿಗೆ ಉಳಿದ ಮಾದರಿಗಳು ಸಾಕು.

+/2×3 4 ಹೇಗೆ ಸಾಗುತ್ತದೆ ನೋಡಿ. 3 4 ಏರುತ್ತದೆ, × ಏರುತ್ತದೆ, 2 ಏರುತ್ತದೆ. ಮೌಲ್ಯ, ಫಂಕ್ಷನ್, ಮೌಲ್ಯ ಸಿಕ್ಕಿದರೂ ಎಡದ ಟೋಕನ್ ಇನ್ನೂ ಕಾಣದ್ದರಿಂದ ನಿಲ್ಲಬೇಕು. / ಏರುತ್ತದೆ, ಅದು ಒಂಟಿ ಆಪರೇಟರ್, ಬಲಕ್ಕೆ ಏನನ್ನೂ ಬೇಡದು, ಆದ್ದರಿಂದ 2×3 4 ಸುರಕ್ಷಿತವಾಗಿ 6 8 ಆಗುತ್ತದೆ. + ಏರುತ್ತದೆ, ಅಂಚು ಏರುತ್ತದೆ. ಈಗ + ಮತ್ತು / ಸೇರಿ ಒಂದು ಫಂಕ್ಷನ್. ಅಂಚು, ಫಂಕ್ಷನ್, ಮೌಲ್ಯ ಎಂಬ ಮೊದಲ ಮಾದರಿ ಹೊಂದಿ 14.

ಹೆಸರಿನ ವರ್ಗ ಗೊತ್ತಿಲ್ಲದಿದ್ದರೆ

ಮೇಲಿನ ವಿಧಾನವೆಲ್ಲ ಪ್ರತಿ ಟೋಕನ್ನಿನ ವರ್ಗ ಮೊದಲೇ ಗೊತ್ತಿದೆ ಎಂಬ ನೆಲೆಯ ಮೇಲೆ ನಿಂತಿದೆ. ಚಿಹ್ನೆಗಳಿಗೆ ಅದು ಸರಿ. ಹೆಸರುಗಳಿಗೆ? ∆ ⍙ 5 ಎಂಬ ಸಾಲನ್ನು ನೋಡಿ. ಎರಡೂ ಮೌಲ್ಯಗಳಾದರೆ ಇದು ಮೂರು ಅಂಶಗಳ ಅರೇ. ∆ ಮೌಲ್ಯ, ⍙ ಫಂಕ್ಷನ್ ಆದರೆ ಎರಡು ಆರ್ಗ್ಯುಮೆಂಟಿನ ಲೆಕ್ಕ. ಎರಡೂ ಫಂಕ್ಷನ್ ಆದರೆ ಒಂದರ ಫಲದ ಮೇಲೆ ಇನ್ನೊಂದು. ∆ ಫಂಕ್ಷನ್, ⍙ ಮೌಲ್ಯವಾದರೆ ⍙ ಮತ್ತು 5 ಜೋಡಿಯಾಗಿ ∆ಗೆ ಹೋಗುತ್ತವೆ. ∆ ಫಂಕ್ಷನ್, ⍙ ಆಪರೇಟರ್ ಆದರೆ ಬೇರೆಯದೇ ಓದು. ಸಾಲು ಒಂದೇ, ಪಾರ್ಸ್ ಐದು. ಹೆಸರಿಗೆ ಏನನ್ನು ಕಟ್ಟಿದ್ದೇವೆಂಬುದು ಪ್ರೋಗ್ರಾಂ ನಡೆಯುವಾಗಲೇ ನಿರ್ಧಾರವಾಗಬಹುದಾದ್ದರಿಂದ ಎಪಿಎಲ್ ಕೋಡನ್ನು ನಡೆಸದೆ ಪೂರ್ತಿಯಾಗಿ ಪಾರ್ಸ್ ಮಾಡಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಕಂಪೈಲರ್ ಬರೆಯುವವರಿಗೆ ಇದು ದೊಡ್ಡ ತಲೆನೋವು. ಭಾಷೆಯ ವಿನ್ಯಾಸದಲ್ಲಿ ನಿಜವಾದ ದೌರ್ಬಲ್ಯವನ್ನು ತೋರಿಸಿ ಎಂದರೆ ನಾನು ತೋರಿಸುವುದು ಬಲದಿಂದ ಎಡಕ್ಕೆ ಎಂಬ ನಿಯಮವನ್ನಲ್ಲ, ಇದನ್ನು.

2020ರಲ್ಲಿ ಮಾರ್ಷಲ್ ಲೋಕ್‌ಬಾಮ್ ರೂಪಿಸಿದ ಬಿಕ್ಯೂಎನ್ ಭಾಷೆ ಇದನ್ನು ಕಾಗುಣಿತದಿಂದಲೇ ಬಗೆಹರಿಸಿತು. ಅಲ್ಲಿ ಹೆಸರು ಚಿಕ್ಕಕ್ಷರದಿಂದ ಆರಂಭವಾದರೆ ಮೌಲ್ಯದ ಪಾತ್ರ, ದೊಡ್ಡಕ್ಷರದಿಂದಾದರೆ ಫಂಕ್ಷನ್ನಿನ ಪಾತ್ರ, ಮುಂದೆ ಅಡಿಗೆರೆ ಇದ್ದರೆ ಒಂದು ಆಪರ್ಯಾಂಡಿನ ಆಪರೇಟರ್, ಹಿಂದೆ ಮುಂದೆ ಎರಡೂ ಕಡೆ ಇದ್ದರೆ ಎರಡು ಆಪರ್ಯಾಂಡಿನದು. ಅಕ್ಕಪಕ್ಕ ನಿಂತರೆ ಅರೇ ಆಗುವ ರೂಢಿಯನ್ನೂ ಕೈಬಿಟ್ಟು, ಅಂಶಗಳನ್ನು ‿ ಎಂಬ ಕೊಂಡಿಯಿಂದ ಜೋಡಿಸುವಂತೆ ಮಾಡಲಾಗಿದೆ. ಹಾಗಾಗಿ ರ‍್ಯಾಂಕಿನ ಉದಾಹರಣೆಯಲ್ಲಿ ಕಂಡ ಮೋಸ ಅಲ್ಲಿ ಹುಟ್ಟುವುದೇ ಇಲ್ಲ. ಎಪಿಎಲ್‌ನಲ್ಲೇ ಉಳಿಯುವವರು ತಮ್ಮ ತಂಡದೊಳಗೆ ಇಂಥದ್ದೊಂದು ಹೆಸರಿಡುವ ಕ್ರಮವನ್ನು ಒಪ್ಪಿಕೊಂಡು ನಡೆಸಬಹುದು. ಇಂಟರ್ಪ್ರಿಟರ್ ಅದನ್ನು ಗಮನಿಸುವುದಿಲ್ಲವಾದರೂ, ಮೊದಲ ಹೆಜ್ಜೆಯ ಪೆನ್ಸಿಲ್ ಗುರುತುಗಳು ಆಗ ಹೆಸರುಗಳಲ್ಲೇ ಅಡಕವಾಗಿರುತ್ತವೆ, ಮತ್ತು ಉಳಿದ ನಾಲ್ಕು ಹೆಜ್ಜೆಗಳನ್ನು ಕೋಡ್ ನಡೆಸದೆಯೇ ಇಡಬಹುದು.